ನರಿಗೆ ಆತಂಕವಿಲ್ಲವೆಂಬ ಷರಾ

ನರಿಯ ಸಂರಕ್ಷಣೆ ಎಂಬ ಮಾತನ್ನು ಕೇರಳದ ಗಡಿಯ ಮಂಜೇಶ್ವರ ತಾಲೂಕಿನ ನಮ್ಮ ವರ್ಕಾಡಿಯಲ್ಲಿ ಎತ್ತಿದರೆ ಮೊದಲು ಬರುವ ಉತ್ತರ ಇದು: ಹುಲಿಗೆ ಕಾಡು ಬೇಕು, ಆನೆಗೆ ದಾರಿ ಬೇಕು, ನರಿಗೆ ಏನು ಬೇಕು? ಗೇರುಗುಡ್ಡೆಯೂ ಸಾಕು, ಕೋಳಿ ಅಂಗಡಿಯ ಹಿಂಬದಿಯೂ ಸಾಕು, ಅದು ಎಲ್ಲಿಯೂ ಬದುಕುತ್ತದೆ. ಓದಿದವರು ಇದೇ ಮಾತನ್ನು ಐಯುಸಿಎನ್ ಕೆಂಪುಪಟ್ಟಿಯ ಆಧಾರದಲ್ಲಿ ಹೇಳುತ್ತಾರೆ. ಆ ಪಟ್ಟಿಯಲ್ಲಿ ನಮ್ಮ ನರಿಯ ಮುಂದೆ ಇರುವ ಷರಾ ‘ಕನಿಷ್ಠ ಆತಂಕ’. ಇನ್ನೂ ಹೆಚ್ಚು ಓದಿದವರು ತಳಿಶಾಸ್ತ್ರದ ಸಾಕ್ಷಿ ತರುತ್ತಾರೆ. ಭಾರತದ ನರಿಗಳಲ್ಲಿ ಡಿಎನ್‌ಎ ವೈವಿಧ್ಯ ಬೇಕಾದಷ್ಟಿದೆ, ಯುರೋಪಿನ ನರಿಗಳಿಗಿಂತ ಎಷ್ಟೋ ಹೆಚ್ಚಿದೆ, ಆದ್ದರಿಂದ ಚಿಂತೆ ಬೇಡ ಎನ್ನುತ್ತಾರೆ. ಊರಿನ ಅನುಭವ, ಅಂತಾರಾಷ್ಟ್ರೀಯ ಪಟ್ಟಿ, ಪ್ರಯೋಗಾಲಯ ಮೂರೂ ಒಂದೇ ತೀರ್ಪು ಕೊಟ್ಟ ಮೇಲೆ ಎದುರು ಮಾತಾಡುವುದು ಸುಲಭವಲ್ಲ. ಆದರೂ ಈ ತೀರ್ಪು ತಪ್ಪು, ವರ್ಕಾಡಿಯ ಮಟ್ಟಿಗಂತೂ ಖಂಡಿತ ತಪ್ಪು ಎಂದು ನಾನು ವಾದಿಸುತ್ತೇನೆ.

ಯಾವ ಪ್ರಾಣಿಯ ಬಗ್ಗೆ ಮಾತು ಎಂಬುದನ್ನು ಮೊದಲು ಹೇಳಿಬಿಡಬೇಕು. ಬಯಲುಸೀಮೆಯ ಹುಲ್ಲುಗಾವಲಿನಲ್ಲಿ, ಕೊಪ್ಪಳ, ಚಿತ್ರದುರ್ಗ, ತುಮಕೂರಿನ ಕಡೆ ಕಾಣುವ ಪುಟ್ಟ ನರಿ ವಲ್ಪಿಸ್ ಬೆಂಗಾಲೆನ್ಸಿಸ್ ಎಂಬ ಬೇರೆ ಕುಲ. ಕರಾವಳಿಯ ಮಳೆಸೀಮೆಯಲ್ಲಿ ಮುಸ್ಸಂಜೆಗೆ ಕೂಗುವುದು, ತುಳುವಿನಲ್ಲಿ ಕುದ್ಕೆ ಎನಿಸಿಕೊಳ್ಳುವುದು, ನಾಯಿ ಮತ್ತು ತೋಳದ ಹತ್ತಿರದ ಸಂಬಂಧಿಯಾದ ಕ್ಯಾನಿಸ್ ಆರಿಯಸ್. ದಕ್ಷಿಣ ಭಾರತದ ಈ ನರಿಗೆ ವಿಜ್ಞಾನದಲ್ಲಿ ಒಂದು ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1916ರಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸುತ್ತಿದ್ದ ಸಸ್ತನಿ ಸಮೀಕ್ಷೆಯ ತೊಗಲು ಮತ್ತು ತಲೆಬುರುಡೆಗಳನ್ನು ಪರಿಶೀಲಿಸಿದ ಆರ್. ಸಿ. ರೌಟನ್ ಇದನ್ನು ಉತ್ತರದ ನರಿಯಿಂದ ಬೇರ್ಪಡಿಸಿ ‘ನರಿಯಾ’ ಎಂದು ಹೆಸರಿಟ್ಟ. ಅವನು ಆಧಾರವಾಗಿ ಇಟ್ಟುಕೊಂಡ ಮಾದರಿ ಕೊಡಗಿನ ವಿರಾಜಪೇಟೆಯದು. ಒಂದು ನೂರು ವರ್ಷದ ಹಿಂದೆ ಇಡೀ ದಕ್ಷಿಣದ ನರಿಗೆ ಗುರುತು ಕೊಟ್ಟ ಪ್ರಾಣಿ ನಮ್ಮ ನೆರೆಯ ಜಿಲ್ಲೆಯಲ್ಲಿ ಸಿಕ್ಕಿತು. ಅಂದಿನಿಂದ ಈಚೆಗೆ ನಾವು ಅದರ ಬಗ್ಗೆ ಕಲಿತದ್ದು ಎಷ್ಟು ಕಡಿಮೆ ಎಂದು ಯೋಚಿಸಿದರೆ ಬೇಸರವಾಗುತ್ತದೆ.

ಈಗ ಮೊದಲ ಸಾಕ್ಷಿ, ಕೆಂಪುಪಟ್ಟಿಯ ಷರಾ. ಅದು ಇಡೀ ಜಾತಿಯ ಬಗೆಗಿನ ಷರಾ. ಆಗ್ನೇಯ ಯುರೋಪಿನಿಂದ ಥಾಯ್ಲೆಂಡಿನವರೆಗೆ ಹಬ್ಬಿರುವ ಪ್ರಾಣಿ ನಾಳೆಯೇ ಭೂಮಿಯಿಂದ ಅಳಿಯುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಅದರ ಹಿಂದಿನ ಲೆಕ್ಕವನ್ನೂ ನೋಡಬೇಕು. ಭಾರತ ಉಪಖಂಡದಲ್ಲಿ ಕನಿಷ್ಠ 80,000 ನರಿಗಳಿವೆ ಎಂಬ ಅಂದಾಜನ್ನು 2004ರಲ್ಲಿ ವೈ. ವಿ. ಝಾಲಾ ಮತ್ತು ಪೆಟ್ರೀಷಿಯಾ ಮೋಲ್ಮನ್ ಕೊಟ್ಟರು. ಈಚೆಗೆ ಕೇರಳದಲ್ಲಿ ಜನರ ನೆರವಿನಿಂದ ನಡೆದ ಸಮೀಕ್ಷೆಯೊಂದು ಆ ರಾಜ್ಯವೊಂದರಲ್ಲೇ 20,000ದಿಂದ 30,000 ನರಿಗಳಿರಬಹುದೆಂದು ಅಂದಾಜಿಸಿತು. ಉಪಖಂಡದ ಒಂದು ಮೂಲೆಯ ಸಣ್ಣ ರಾಜ್ಯದ ಅಂದಾಜು ಇಡೀ ಉಪಖಂಡದ ಹಳೆಯ ಅಂದಾಜಿನ ಕಾಲು ಭಾಗದಷ್ಟೋ ಅದಕ್ಕೂ ಮಿಗಿಲೋ ಆಗುವಷ್ಟಿದ್ದರೆ, ನರಿಯ ತಲೆ ಎಣಿಸಿದವರು ಯಾರೂ ಇಲ್ಲ ಎಂದೇ ಅರ್ಥ. ಆ ಸಮೀಕ್ಷೆ ತೋರಿಸಿದ ಇನ್ನೊಂದು ಸಂಗತಿ ಸಂಖ್ಯೆಗಿಂತ ಮುಖ್ಯ. ಕೇರಳದ ನರಿಗಳ ನೆಲೆಯ ಬಹುಪಾಲು ಅಭಯಾರಣ್ಯಗಳ ಹೊರಗಿದೆ. ತೆಂಗಿನ ತೋಟ, ಗದ್ದೆಬದಿ, ಮುರಕಲ್ಲಿನ ಗುಡ್ಡೆ ಇವೇ ನರಿಯ ಊರು. ಅರಣ್ಯ ಇಲಾಖೆಯ ಬೇಲಿಯೊಳಗೆ ಕಾಪಾಡಬಹುದಾದ ಪ್ರಾಣಿ ಇದಲ್ಲ.

ವರ್ಕಾಡಿಯ ನೆಲವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಳಗೆ ಬೈಲು, ಬೈಲಿನ ಅಂಚಿಗೆ ಅಡಿಕೆ ತೋಟ, ತೋಟದ ಮೇಲೆ ಸೊಪ್ಪು ತರುವ ಕುಮ್ಕಿ, ಅದರ ಮೇಲೆ ಬೋಳು ಪದವು. ನರಿಯ ದಿನಚರಿ ಈ ನಾಲ್ಕು ಮೆಟ್ಟಿಲುಗಳನ್ನು ಹತ್ತಿ ಇಳಿಯುವುದರಲ್ಲಿ ಮುಗಿಯುತ್ತದೆ. ಹಗಲು ಕುಮ್ಕಿಯ ಪೊದೆಯಲ್ಲಿ ಮಲಗಿ, ಸಂಜೆ ಪದವಿಗೆ ಬಂದು ಕೂಗಿ, ರಾತ್ರಿ ತೋಟಕ್ಕೆ ಇಳಿದು ಇಲಿ, ಏಡಿ, ಕೆಳಗೆ ಬಿದ್ದ ಹಲಸು, ಗೇರುಹಣ್ಣು ತಿನ್ನುತ್ತದೆ. ಮರಿ ಹಾಕುವುದಕ್ಕೆ ಮುರಕಲ್ಲಿನ ಬಿರುಕು, ಮಾಟೆ, ಹಳೆಯ ಅಗಳು ಬೇಕು. ಸರಕಾರಿ ದಾಖಲೆಯಲ್ಲಿ ಈ ಪದವು ಪಾಳುಭೂಮಿ. ಪಾಳುಭೂಮಿ ಎಂದ ಮೇಲೆ ಅಲ್ಲಿ ಏನು ಮಾಡಿದರೂ ನಷ್ಟವಿಲ್ಲವೆಂಬ ಭಾವನೆ ಬೇರೂರಿಬಿಟ್ಟಿದೆ. ಕೆಂಪುಕಲ್ಲಿನ ಕೋರೆಗಳು ಪದವನ್ನು ಅಡಿಯವರೆಗೆ ಕೆತ್ತಿ ಸಾಗಿಸಿವೆ. ಪೈವಳಿಕೆಯ ಕೊಮ್ಮಂಗಳದಲ್ಲಿ 50 ಮೆಗಾವ್ಯಾಟಿನ ಸೌರ ಸ್ಥಾವರ ಬಂದಿದೆ. ಸೌರವಿದ್ಯುತ್ತು ಬೇಡವೆನ್ನುವವನು ನಾನಲ್ಲ. ಆದರೆ ಬೇಲಿ ಹಾಕಿದ ಪದವಿನಲ್ಲಿ ನರಿಗೆ ಕೂಗುವುದಕ್ಕೂ ಜಾಗವಿಲ್ಲ, ಹಾದುಹೋಗುವುದಕ್ಕೂ ಜಾಗವಿಲ್ಲ. ಆ ನಷ್ಟವನ್ನು ಯಾವ ಲೆಕ್ಕಪುಸ್ತಕದಲ್ಲೂ ಬರೆಯಲಿಲ್ಲ.

ಇನ್ನು ತಳಿಶಾಸ್ತ್ರದ ಸಾಕ್ಷಿ. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. 2015ರಲ್ಲಿ ಬಿಬೇಕ್ ಯುಮ್ನಾಮ್, ಝಾಲಾ ಮತ್ತು ಸಂಗಡಿಗರು ಭಾರತದ ನರಿಗಳ ಮೈಟೊಕಾಂಡ್ರಿಯಾ ಡಿಎನ್‌ಎ ಓದಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಕೆಲಸ. ಇಲ್ಲಿಯ ನರಿಗಳ ತಾಯಿವಂಶಗಳು ಹಲವು, ಕೆಲವು ಬಹಳ ಹಳೆಯವು, ಹಿಮಯುಗದ ಕೊನೆಯ ಹೊತ್ತಿಗೆ ಅವು ವಿಸ್ತರಿಸತೊಡಗಿದ್ದವು ಎಂದು ಅದು ತೋರಿಸಿತು. ಅದೇ ವರ್ಷ ಕ್ಲಾಸ್-ಪೀಟರ್ ಕೆಫ್ಲಿ ಮತ್ತು ಸಂಗಡಿಗರು, ಆಫ್ರಿಕದಲ್ಲಿ ಇದೇ ನರಿಯೆಂದು ನಾವೆಲ್ಲ ತಿಳಿದಿದ್ದ ಪ್ರಾಣಿ ಬೇರೆಯೇ ಜಾತಿ, ಹತ್ತು ಲಕ್ಷ ವರ್ಷಕ್ಕೂ ಹಿಂದೆ ಕವಲೊಡೆದ ತೋಳ ಎಂದು ಸಾಧಿಸಿದರು. ಎರಡನೆಯ ಸಂಶೋಧನೆಯಿಂದ ಕಲಿಯಬೇಕಾದ್ದನ್ನು ಯಾರೂ ಕಲಿತಂತೆ ಕಾಣುವುದಿಲ್ಲ. ನೋಡಲು ಒಂದೇ ರೀತಿ ಇರುವ, ಎಲ್ಲೆಡೆ ಇರುವ ಪ್ರಾಣಿಯೊಳಗೆ ನಮಗೆ ತಿಳಿಯದ ಎರಡು ಚರಿತ್ರೆಗಳು ಅಡಗಿರಬಹುದು. ಸಾಮಾನ್ಯವಾದದ್ದು ಎಂಬ ಕಾರಣಕ್ಕೆ ಪರೀಕ್ಷಿಸದೆ ಬಿಟ್ಟ ಪ್ರಾಣಿಯ ವಿಷಯದಲ್ಲಿ ಬಹಳ ಕಾಲ ವಿಜ್ಞಾನವೇ ತಪ್ಪು ಹೆಸರು ಬರೆದಿತ್ತು.

ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಸಾವಿರಾರು ವರ್ಷಗಳ ವಲಸೆಯನ್ನು ಓದುವುದಕ್ಕೆ ಅದು ಚೆನ್ನಾಗಿದೆ. ಕಳೆದ ಮೂವತ್ತು ವರ್ಷದಲ್ಲಿ ಮಂಜೇಶ್ವರ ತಾಲೂಕಿನ ಒಂದು ಗುಡ್ಡೆಯಿಂದ ಇನ್ನೊಂದು ಗುಡ್ಡೆಗೆ ಗಂಡುನರಿ ಹೋಗಿ ಬಂದಿದೆಯೇ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ಇನ್ನೊಂದು ತೊಡಕು ಕಾಲದ್ದು. ನೆಲೆ ತುಂಡಾದ ಕೂಡಲೇ ವೈವಿಧ್ಯ ಕುಸಿಯುವುದಿಲ್ಲ, ತಲೆಮಾರುಗಳ ನಂತರ ಕುಸಿಯುತ್ತದೆ. ನಮ್ಮ ಕಡೆಯ ಸುರಂಗಗಳಲ್ಲಿ ಬೇಸಗೆಯಲ್ಲೂ ನೀರು ಜಿನುಗುತ್ತದೆ. ಆ ನೀರು ಎಂದೋ ಬಿದ್ದ ಮಳೆಯದು, ಈಗ ಗುಡ್ಡೆಯ ಮೇಲೆ ಮಳೆ ಬೀಳುತ್ತಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಇಂದಿನ ನರಿಯ ರಕ್ತದಲ್ಲಿ ಕಾಣುವ ವೈವಿಧ್ಯವೂ ಹಾಗೆಯೇ. ಅದು ಅದರ ಮುತ್ತಜ್ಜಿಯ ಕಾಲದ ಗುಡ್ಡೆ, ಬೈಲು, ಪದವುಗಳು ಒಂದಕ್ಕೊಂದು ಹೊಂದಿಕೊಂಡಿದ್ದಾಗ ಕೂಡಿಬಂದದ್ದು. ಅದನ್ನು ಇಂದಿನ ಸುರಕ್ಷೆಯ ಪ್ರಮಾಣಪತ್ರವಾಗಿ ಓದುವುದು ತಪ್ಪು.

ಸಂಖ್ಯೆಯ ವಿಷಯದಲ್ಲಿಯೂ ಕಿವಿ ನಮ್ಮನ್ನು ಮೋಸಗೊಳಿಸುತ್ತದೆ. ಒಂದು ನರಿ ಕೂಗಿದರೆ ಮನೆಯ ಉಳಿದವು ದನಿಗೂಡಿಸುತ್ತವೆ, ಎರಡು ಮೂರು ಗುಡ್ಡೆಗಳಿಂದ ಮರುಕೂಗು ಬರುತ್ತದೆ, ಇಡೀ ಊರೇ ನರಿಯಿಂದ ತುಂಬಿದೆ ಎನ್ನಿಸುತ್ತದೆ. ಆದರೆ ನರಿ ಜೋಡಿಯಾಗಿ ಬದುಕುವ ಪ್ರಾಣಿ. ಒಂದು ವಠಾರಕ್ಕೆ ಒಂದು ಜೋಡಿ. ಜೊತೆಗಿರುವ ಎಳೆಯ ನರಿಗಳು ಹಿಂದಿನ ಸೂಲಿನ ಮಕ್ಕಳು. ಅವು ತಮ್ಮಂದಿರನ್ನೂ ತಂಗಿಯರನ್ನೂ ಸಾಕಲು ನೆರವಾಗುತ್ತವೆ, ತಾವು ಮರಿ ಹಾಕುವುದಿಲ್ಲ. ಐದಾರು ಬಾಯಿ ಕೂಗಿದರೂ ಮುಂದಿನ ತಲೆಮಾರಿಗೆ ತಮ್ಮ ವಂಶವಾಹಿಗಳನ್ನು ದಾಟಿಸುವವು ಎರಡೇ. ತಳಿಶಾಸ್ತ್ರ ಎಣಿಸುವುದು ಈ ಎರಡನ್ನು.

ಲೆಕ್ಕವನ್ನೇ ಮಾಡಿ ನೋಡೋಣ. ವರ್ಕಾಡಿಯಿಂದ ಪೊಸಡಿಗುಂಪೆಯವರೆಗಿನ ಗುಡ್ಡೆಸಾಲಿನಲ್ಲಿ ಮರಿ ಹಾಕುವ ಹತ್ತು ಜೋಡಿಗಳಿವೆ ಎಂದು ಇಟ್ಟುಕೊಳ್ಳಿ. ಇದು ವಾದಕ್ಕಾಗಿ ಹಿಡಿದ ಸಂಖ್ಯೆ, ಎಣಿಕೆಯಲ್ಲ. ಸಂತಾನಕ್ಕೆ ಸಲ್ಲುವ ಸಂಖ್ಯೆ 20 ಆದರೆ ಪ್ರತಿ ತಲೆಮಾರಿಗೆ ಆನುವಂಶಿಕ ವೈವಿಧ್ಯದ ಶೇಕಡಾ 2.5 ಭಾಗ ಕಳೆದುಹೋಗುತ್ತದೆ. ಹತ್ತು ತಲೆಮಾರಿಗೆ ಸುಮಾರು ಶೇಕಡಾ 22. ನರಿಯ ತಲೆಮಾರನ್ನು ನಾಲ್ಕು ವರ್ಷ ಎಂದುಕೊಂಡರೆ ಇದೆಲ್ಲ ನಲವತ್ತು ವರ್ಷದೊಳಗೆ ಆಗುವ ಮಾತು, ಅಂದರೆ ಇಂದು ಶಾಲೆಗೆ ಹೋಗುವ ಮಗು ನಡುವಯಸ್ಸಿಗೆ ಬರುವಷ್ಟರಲ್ಲಿ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಹೊರಗಿನಿಂದ ಒಂದು ನರಿಯೂ ಬರಬಾರದು. ತಲೆಮಾರಿಗೆ ಒಂದೋ ಎರಡೋ ಹೊಸ ನರಿಗಳು ಬಂದು, ಇಲ್ಲಿ ವಠಾರ ಹಿಡಿದು, ಮರಿ ಹಾಕಿದರೆ ಈ ಸೋರಿಕೆಗೆ ದೊಡ್ಡ ತಡೆ ಬೀಳುತ್ತದೆ. ಹಾಗಾಗಿ ಎಷ್ಟು ನರಿಗಳಿವೆ ಎಂಬುದರಷ್ಟೇ ತೂಕದ ಪ್ರಶ್ನೆ, ಅವು ಎಲ್ಲಿಂದ ಬರಬಹುದು ಎಂಬುದು.

ನಕಾಶೆ ಬಿಡಿಸಿಕೊಂಡು ನೋಡಿ. ವರ್ಕಾಡಿಯ ಪಶ್ಚಿಮಕ್ಕೆ ರಾಷ್ಟ್ರೀಯ ಹೆದ್ದಾರಿ 66. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಈಗ ಆರು ಪಥ, ಎರಡೂ ಬದಿ ಸರ್ವೀಸ್ ರಸ್ತೆ, ಹಲವೆಡೆ ಕಾಂಕ್ರೀಟಿನ ಗೋಡೆ. ಅದರಾಚೆ ರೈಲುಹಳಿ, ಆಮೇಲೆ ಕಡಲು. ಉತ್ತರಕ್ಕೆ ಕೊಣಾಜೆ, ದೇರಳಕಟ್ಟೆಯ ಕಾಲೇಜು ಆಸ್ಪತ್ರೆಗಳ ಸುತ್ತ ಬೆಳೆಯುತ್ತಿರುವ ಪೇಟೆ, ಅದರಾಚೆ ನೇತ್ರಾವತಿ ಮತ್ತು ಮಂಗಳೂರು. ದಕ್ಷಿಣದ ಗುಡ್ಡೆಗಳಲ್ಲಿ ಕೋರೆ, ಬೇಲಿ. ಗುಡ್ಡೆಗೆ ಗುಡ್ಡೆ ಇನ್ನೂ ಹೊಂದಿಕೊಂಡಿರುವುದು ಪೂರ್ವಕ್ಕೆ, ವಿಟ್ಲ, ಬಂಟ್ವಾಳದ ಕಡೆಗೆ. ಆ ಪೂರ್ವದ ಅಂಚೇ ರಾಜ್ಯದ ಗಡಿ. 1956ರ ನವೆಂಬರ್ 1ರಂದು ಎಳೆದ ಆ ಗೆರೆಯಿಂದ ಇಲ್ಲಿಯ ಕನ್ನಡಿಗರು ಪಟ್ಟ ಪಾಡು ಬೇರೆಯೇ ಕಥೆ. 2020ರ ಮಾರ್ಚಿನಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಆಸ್ಪತ್ರೆಗೆ ಹೋಗಲಾರದೆ ನರಳಿದವರ ನೆನಪು ಇನ್ನೂ ಹಸಿಯಾಗಿದೆ. ನರಿಯ ಮಟ್ಟಿಗೆ ಆ ಗೆರೆ ಇಲ್ಲವೇ ಇಲ್ಲ. ಆದರೆ ನರಿಯನ್ನು ಕಾಪಾಡಬೇಕಾದವರ ಮಟ್ಟಿಗೆ ಅದು ಗಟ್ಟಿಯಾಗಿಯೇ ಇದೆ. ವರ್ಕಾಡಿಯ ನರಿಗಳಿಗೆ ಹೊಸ ರಕ್ತ ಬರಬೇಕಾದ ದಾರಿ ಕೇರಳದ ಅರಣ್ಯ ಇಲಾಖೆಯ ಕಡತ ಮುಗಿಯುವಲ್ಲಿ, ಕರ್ನಾಟಕದ ಕಡತ ಶುರುವಾಗುವಲ್ಲಿ ಹಾದುಹೋಗುತ್ತದೆ. ಎರಡೂ ಕಡೆಯವರಿಗೆ ಅದು ಕೊನೆಯ ಹಾಳೆ.

ಹೆದ್ದಾರಿಯ ವಿಷಯದಲ್ಲಿ ಒಂದು ಸಾಮಾನ್ಯ ಸಮಾಧಾನ ಕೇಳಿಬರುತ್ತದೆ: ರಾತ್ರಿ ವಾಹನ ಕಡಿಮೆಯಾದಾಗ ನರಿ ದಾಟುತ್ತದೆ, ಮೋರಿಯಲ್ಲಿ ನುಸುಳುತ್ತದೆ. ಹೌದು, ಕೆಲವು ದಾಟುತ್ತವೆ. ದಾಟಿದರೆ ಸಾಕೇ? ಕ್ಯಾಲಿಫೋರ್ನಿಯದ 101ನೇ ಹೆದ್ದಾರಿಯ ಬಳಿ ಸೇತ್ ರೈಲಿ ಮತ್ತು ಸಂಗಡಿಗರು ನರಿಯ ಹತ್ತಿರದ ಬಂಧು ಕಯೋಟಿಯನ್ನೂ ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕನ್ನೂ ಏಳು ವರ್ಷ ಹಿಂಬಾಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ. ಪ್ರಾಣಿಗಳು ರಸ್ತೆ ದಾಟುತ್ತಿದ್ದವು. ಆದರೂ ರಸ್ತೆಯ ಎರಡೂ ಬದಿಯ ಬಳಗಗಳು ತಳಿಯಲ್ಲಿ ಬೇರೆಬೇರೆಯಾಗಿದ್ದವು. ಕಾರಣ ಸರಳ. ರಸ್ತೆಯ ಅಂಚಿನವರೆಗೆ ವಠಾರಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ. ದಾಟಿ ಬಂದ ಎಳೆಯ ಪ್ರಾಣಿಗೆ ಅಲ್ಲಿ ಕಾಲೂರಲು ಜಾಗ ಸಿಗುವುದಿಲ್ಲ, ಜೋಡಿ ಸಿಗುವುದಿಲ್ಲ, ಮರಿ ಹಾಕದೆಯೇ ಅಲೆದು ಸಾಯುತ್ತದೆ. ರೇಡಿಯೊ ಕಾಲರಿನಲ್ಲಿ ಸಿಕ್ಕ ದಾಟುವಿಕೆ ವಂಶದಲ್ಲಿ ಸಿಗಲಿಲ್ಲ. ಅದೇ 101ನೇ ಹೆದ್ದಾರಿಯ ಮೇಲೆ ಪ್ರಾಣಿಗಳಿಗಾಗಿ ಸೇತುವೆ ಕಟ್ಟುವ ಕೆಲಸ 2022ರಲ್ಲಿ ಆರಂಭವಾಯಿತು. ರಸ್ತೆ ಮುಗಿದ ಎಷ್ಟೋ ದಶಕಗಳ ಮೇಲೆ, ಅಪಾರ ಹಣ ಸುರಿದು.

ಇಲ್ಲಿ ನನ್ನ ವಾದಕ್ಕೆ ಎದುರಾಗುವ ಸಾಕ್ಷಿಗಳನ್ನೂ ಮುಂದಿಡಬೇಕು, ಅವು ದುರ್ಬಲವಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಮಾ ರಾಮಕೃಷ್ಣನ್ ಅವರ ತಂಡ ಮಧ್ಯಭಾರತದ ಹುಲಿ, ಚಿರತೆ, ಕರಡಿ, ಕಾಡುಬೆಕ್ಕುಗಳನ್ನು ಅವುಗಳ ಹಿಕ್ಕೆಯ ಡಿಎನ್‌ಎ ಮೂಲಕ ಹೋಲಿಸಿ 2020ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಮನುಷ್ಯರ ನಡುವೆ ಹೊಂದಿಕೊಳ್ಳುವ ಕಾಡುಬೆಕ್ಕಿಗೆ ರಸ್ತೆ, ಊರುಗಳಿಂದ ಆದ ತೊಡಕು ಹುಲಿಗಿಂತ ಬಹಳ ಕಡಿಮೆ ಎಂದು ಕಂಡಿತು. ನರಿಯೂ ಕಾಡುಬೆಕ್ಕಿನ ಗುಂಪಿಗೇ ಸೇರಬಹುದು. ಯುರೋಪಿನ ಉದಾಹರಣೆ ಇನ್ನೂ ಬಲವಾದದ್ದು. ಸರ್ಬಿಯದ ನರಿಗಳ ಮೈಟೊಕಾಂಡ್ರಿಯಾ ಡಿಎನ್‌ಎಯಲ್ಲಿ ವೈವಿಧ್ಯವೇ ಕಾಣಲಿಲ್ಲ, ಆದರೂ ಯುರೋಪಿನ ನರಿಗಳು ಉತ್ತರಕ್ಕೆ ಹಬ್ಬುತ್ತ ಫಿನ್‌ಲ್ಯಾಂಡ್, ನಾರ್ವೆಯವರೆಗೆ ಹೋಗಿವೆ. ಕ್ಯಾಲಿಫೋರ್ನಿಯದ ಸ್ಯಾನ್ ನಿಕೋಲಸ್ ದ್ವೀಪದ ಪುಟ್ಟ ನರಿಯ ಜೀನೋಮನ್ನು 2016ರಲ್ಲಿ ಓದಿದಾಗ ಉದ್ದುದ್ದಕ್ಕೂ ವೈವಿಧ್ಯ ಬಹುತೇಕ ಇರಲೇ ಇಲ್ಲ. ಅದು ಸಾವಿರಾರು ವರ್ಷಗಳಿಂದ ಅಲ್ಲೇ ಬದುಕಿದೆ.

ಹಾಗಾದರೆ ವೈವಿಧ್ಯ ಕಳೆದರೆ ಏನಾದೀತು? ಒಳಸಂಬಂಧದಿಂದಲೇ ವರ್ಕಾಡಿಯ ನರಿಗಳು ಅಳಿದುಹೋಗುತ್ತವೆ ಎಂದು ನಾನು ಹೇಳುವುದಿಲ್ಲ; ಹಾಗೆ ಹೇಳುವವರು ತಳಿಶಾಸ್ತ್ರವನ್ನು ಬೆದರುಬೊಂಬೆ ಮಾಡುತ್ತಾರೆ. ಅಪಾಯ ಬರುವುದು ಸಣ್ಣ, ಒಂಟಿಯಾದ ಬಳಗದ ಮೇಲೆ ಹೊರಗಿನ ಏಟು ಬಿದ್ದಾಗ. ಅದೇ ಕ್ಯಾಲಿಫೋರ್ನಿಯದ ದ್ವೀಪಗಳಿಗೆ ಹೋಗೋಣ. ಸ್ಯಾಂಟಾ ಕ್ಯಾಟಲೀನಾ ದ್ವೀಪದಲ್ಲಿ ಸುಮಾರು 1,300 ನರಿಗಳಿದ್ದವು. 1999ರಲ್ಲಿ ಡಿಸ್ಟೆಂಪರ್ ರೋಗ ಹೊಕ್ಕಿತು, ಸುಮಾರು 100 ಉಳಿದವು. ಸ್ಯಾನ್ ಮಿಗೆಲ್ ದ್ವೀಪದಲ್ಲಿ ಹದ್ದುಗಳ ದಾಳಿಯಿಂದ ಐದು ವರ್ಷದಲ್ಲಿ 450 ಇದ್ದದ್ದು 15ಕ್ಕೆ ಇಳಿಯಿತು. ಅಲ್ಲಿನವರು ಪಂಜರದಲ್ಲಿ ಮರಿ ಮಾಡಿಸಿ, ಹದ್ದುಗಳನ್ನು ಸಾಗಿಸಿ, ಲಸಿಕೆ ಹಾಕಿ ಉಳಿಸಿಕೊಂಡರು. 2016ರಲ್ಲಿ ಮೂರು ದ್ವೀಪಗಳ ನರಿಗಳು ಅಪಾಯದ ಪಟ್ಟಿಯಿಂದ ಹೊರಬಂದವು. ಯಾರೂ ಎಣಿಸದೆ ಇದ್ದಿದ್ದರೆ ಕುಸಿತ ತಿಳಿಯುತ್ತಲೂ ಇರಲಿಲ್ಲ. ಯುರೋಪಿನ ನರಿ ಹಬ್ಬಿದ್ದು ಅದಕ್ಕೆ ಮುಂದೆ ತೆರೆದ ನೆಲ ಇದ್ದುದರಿಂದ. ವರ್ಕಾಡಿಯ ನರಿಯ ಮುಂದೆ ಇರುವುದು ಮುಚ್ಚುತ್ತಿರುವ ನೆಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ಹೊರಗಿನ ಏಟು ಎಂದಾಗ ಊರಿನಲ್ಲಿ ಕೇಳಿಬರುವ ಇನ್ನೊಂದು ಅಭಿಪ್ರಾಯಕ್ಕೆ ಬರಬೇಕು. ನರಿ ಈಗ ಶುದ್ಧ ನರಿಯಾಗಿ ಉಳಿದಿಲ್ಲ, ಬೀದಿನಾಯಿಯೊಂದಿಗೆ ಬೆರೆತುಹೋಗಿದೆ ಎನ್ನುತ್ತಾರೆ. ಬೆರೆಯಲು ಸಾಧ್ಯ ಎಂಬುದು ನಿಜ. ನರಿಗೂ ನಾಯಿಗೂ ಕ್ರೋಮೊಸೋಮುಗಳು 78, ಹುಟ್ಟುವ ಮರಿಗೆ ಸಂತಾನಶಕ್ತಿಯೂ ಇರುತ್ತದೆ. ರಷ್ಯದಲ್ಲಿ ಕ್ಲಿಮ್ ಸುಲಿಮೊವ್ ನರಿ ಮತ್ತು ನಾಯಿಯ ಬೆರಕೆಯಿಂದ ಬೆಳೆಸಿದ ತಳಿ ಮಾಸ್ಕೋದ ವಿಮಾನ ನಿಲ್ದಾಣದಲ್ಲಿ ಸ್ಫೋಟಕ ಪತ್ತೆಗೆ ಬಳಕೆಯಾಯಿತು. ಕಾಡಿನಲ್ಲೇ ಹುಟ್ಟಿದ ಬೆರಕೆಗೆ ಕ್ರೊಯೇಷಿಯದಲ್ಲಿ 2015ರಲ್ಲಿ ಡಿಎನ್‌ಎ ಪುರಾವೆ ಸಿಕ್ಕಿತು. ಆದರೆ ಅಲ್ಲಿ ಸಿಕ್ಕಿದ್ದು ಮೂರೇ ಪ್ರಾಣಿಗಳು. ಬಣ್ಣ ಕಪ್ಪಾಗಿದೆ, ಬಾಲ ಡೊಂಕಾಗಿದೆ ಎಂದು ದೂರದಿಂದ ನೋಡಿ ಬೆರಕೆ ಎಂದು ತೀರ್ಮಾನಿಸುವುದಕ್ಕೆ ಆಧಾರವಿಲ್ಲ. ಈ ಮಾತಿನಿಂದ ಆಗುವ ಕೇಡು ಇನ್ನೊಂದಿದೆ: ಶುದ್ಧವಲ್ಲ ಎಂದ ಮೇಲೆ ಕಾಪಾಡುವುದಕ್ಕೂ ಯೋಗ್ಯವಲ್ಲ ಎಂಬ ತರ್ಕ ಅದರ ಹಿಂದೆಯೇ ಬರುತ್ತದೆ.

ನಾಯಿಯಿಂದ ನರಿಗೆ ಬರುವ ದೊಡ್ಡ ಅಪಾಯ ಬೆರಕೆಗಿಂತ ಮೊದಲು ರೋಗ. ಮಹಾರಾಷ್ಟ್ರದ ನನ್ನಜ್ ಹುಲ್ಲುಗಾವಲಿನಲ್ಲಿ ಅನಿರುದ್ಧ ಬೆಳಸಾರೆ, ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಮೊದಲಾದವರು ಊರನಾಯಿಗಳನ್ನೂ ಬಯಲುನರಿಗಳನ್ನೂ ಒಟ್ಟಿಗೆ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಿಸ್ಟೆಂಪರ್, ಪಾರ್ವೊ ವೈರಸ್‌ಗಳು ನಾಯಿಗಳಲ್ಲಿ ಸದಾ ನೆಲೆಸಿರುವುದು ಕಂಡಿತು. 2018ರಲ್ಲಿ ಗಿರ್ ಅರಣ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗ ಹೊರಬಿದ್ದ ಹೆಸರೂ ಡಿಸ್ಟೆಂಪರ್. 2024ರಲ್ಲಿ ಮುಂಬಯಿಯ ಚೆಂಬೂರಿನಲ್ಲಿ ಸತ್ತ ನರಿಗಳಲ್ಲಿ ರೇಬೀಸ್ ಪತ್ತೆಯಾಯಿತು. 2019ರ ಜಾನುವಾರು ಗಣತಿಯಂತೆ ಕೇರಳದಲ್ಲಿ ಬೀದಿನಾಯಿಗಳು ಸುಮಾರು 2.89 ಲಕ್ಷ. ಕೋಳಿ ಅಂಗಡಿಯ ತ್ಯಾಜ್ಯ ಗುಡ್ಡೆಬದಿಯಲ್ಲಿ ಬಿದ್ದಿರುವಲ್ಲಿ ನಾಯಿಯೂ ನರಿಯೂ ಒಂದೇ ರಾಶಿಗೆ ಬಾಯಿ ಹಾಕುತ್ತವೆ. ಎಲ್ಲಿಯೂ ಬದುಕುತ್ತದೆ ಎಂದು ನಾವು ಹೊಗಳುವ ನರಿಯ ಗುಣವೇ ಅದನ್ನು ರೋಗದ ಬಾಯಿಗೆ ತಂದು ನಿಲ್ಲಿಸಿದೆ. ಒಂದು ಗುಡ್ಡೆಸಾಲಿನ ಹತ್ತು ಜೋಡಿಗಳಲ್ಲಿ ಏಳು ಒಂದು ಮಳೆಗಾಲದಲ್ಲಿ ಸತ್ತರೆ ಆ ಜಾಗ ತುಂಬುವುದು ಹೊರಗಿನಿಂದ ನರಿ ನಡೆದು ಬಂದರೆ ಮಾತ್ರ. ತಳಿಶಾಸ್ತ್ರ, ರೋಗ, ರಸ್ತೆ ಮೂರನ್ನೂ ಬೇರೆಬೇರೆ ಕೋಣೆಗಳಲ್ಲಿಟ್ಟು ಮಾತಾಡುವವರು ಈ ಗಂಟನ್ನು ಕಾಣುವುದಿಲ್ಲ.

ಇಲ್ಲಿ ಬೆಳೆಗೆ ಬೀಳುವ ನವಿಲಿನ ವಿಷಯವನ್ನೂ ಹೇಳಬೇಕು. ನವಿಲು ಹೆಚ್ಚಿದ್ದು ನರಿ ಕಡಿಮೆಯಾದ್ದರಿಂದ, ಹಾಗಾಗಿ ಎಲ್ಲಿಂದಲಾದರೂ ನರಿ ತಂದು ಬಿಡಿ ಎಂಬ ಬೇಡಿಕೆ ಕೃಷಿಕರಿಂದ ಬರುತ್ತಿದೆ. ಬೆಳೆ ಕಳೆದುಕೊಂಡವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೇರಳದಲ್ಲಿ ನವಿಲು ಹಬ್ಬುತ್ತಿರುವುದಕ್ಕೆ ಹವೆ ಒಣಗುತ್ತಿರುವುದು ಮುಖ್ಯ ಕಾರಣ ಎಂದು ಸಾಂಜೊ ಜೋಸ್ ಮತ್ತು ಪಿ. ಒ. ನಮೀರ್ 2020ರಲ್ಲಿ ತೋರಿಸಿದ್ದಾರೆ. ಹಿಡಿದು ತಂದು ಬಿಟ್ಟ ನರಿ ಇಲ್ಲಿಯ ವಠಾರದ ಜೋಡಿಯಿಂದ ಏಟು ತಿನ್ನುತ್ತದೆ, ತನ್ನೂರಿನ ರೋಗವನ್ನೂ ತರುತ್ತದೆ. ಸ್ವೀಡನ್ನಿನ ಹೆಲಾಗ್ಸ್ ಬೆಟ್ಟಗಳಲ್ಲಿ ಒಳಸಂಬಂಧದಿಂದ ಸೊರಗಿದ್ದ ಹಿಮನರಿಗಳಿಗೆ 2010ರಲ್ಲಿ ನಾರ್ವೆಯ ಸಾಕಣೆ ಕೇಂದ್ರದಿಂದ ಬಿಟ್ಟ ಮೂರು ಗಂಡುಗಳು ಬಂದು ಸೇರಿ ಮರಿಗಳ ಉಳಿವು ಹೆಚ್ಚಿದ್ದು ನಿಜ. ಅಲ್ಲಿ ಬೇರೆ ದಾರಿಯೇ ಇರಲಿಲ್ಲ. ವರ್ಕಾಡಿಯಲ್ಲಿ ದಾರಿ ಇನ್ನೂ ಇದೆ. ವಿಟ್ಲದ ನರಿ ತನ್ನ ಕಾಲಲ್ಲೇ ಬರಬಲ್ಲದು, ನಾವು ಅಡ್ಡಗಟ್ಟದಿದ್ದರೆ ಸಾಕು.

ಕಾನೂನು ನರಿಯ ಪರವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಿಂದ ನರಿ ಮೊದಲ ಅನುಸೂಚಿಗೆ, ಹುಲಿ ಆನೆಗಳ ಸಾಲಿಗೆ ಏರಿದೆ. ನರಿಕೊಂಬು ಎಂದು ಸುಳ್ಳು ಮಾರುವವನ ಮೇಲೆ, ವಿಷವಿಟ್ಟವನ ಮೇಲೆ ಮೊಕದ್ದಮೆ ಹೂಡಬಹುದು. ಆದರೆ ಆ ಕಾನೂನು ಕಾಯುವುದು ನರಿಯ ಮೈಯನ್ನು. ಅದು ಮರಿ ಹಾಕುವ ಪದವನ್ನಲ್ಲ. ಹಂದಿಗೆಂದು ಇಟ್ಟ ಉರುಳು, ಬೇಲಿಗೆ ಹರಿಸಿದ ಕರೆಂಟು, ತೋಟೆ ಇವು ಹಂದಿಯನ್ನೇ ಆರಿಸಿ ಕೊಲ್ಲುವುದಿಲ್ಲ. 2022ರಿಂದ ಕೇರಳದ ಪಂಚಾಯತು ಅಧ್ಯಕ್ಷರಿಗೆ ಬೆಳೆ ಹಾಳುಮಾಡುವ ಹಂದಿಗೆ ಗುಂಡಿಕ್ಕಿಸುವ ಅಧಿಕಾರ ಸಿಕ್ಕಿದೆ. ಆ ಅಧಿಕಾರವಿರುವಾಗ ಉರುಳಿಗೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಕೈಗೆಟುಕದ ಕೆಲಸ ಯಾವುದನ್ನೂ ನಾನು ಕೇಳುತ್ತಿಲ್ಲ. ಗಡಿಯ ಆಚೆ ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ ಇದೆ, ಈಚೆ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಎರಡರ ವಿದ್ಯಾರ್ಥಿಗಳೂ ಸೇರಿ ಹೆದ್ದಾರಿಯ ಎರಡು ಬದಿ, ರಾಜ್ಯಗಡಿಯ ಎರಡು ಬದಿಗಳಿಂದ ನರಿಯ ಹಿಕ್ಕೆ ಸಂಗ್ರಹಿಸಿ ಡಿಎನ್‌ಎ ಹೋಲಿಸಿದರೆ, ಯಾವ ಗುಡ್ಡೆ ಯಾವ ಗುಡ್ಡೆಯೊಂದಿಗೆ ಇನ್ನೂ ಸಂಬಂಧ ಉಳಿಸಿಕೊಂಡಿದೆ ಎಂಬುದು ತಿಳಿಯುತ್ತದೆ. ಒಂದೂ ನರಿಯನ್ನು ಹಿಡಿಯಬೇಕಾಗಿಲ್ಲ. ವಿರಾಜಪೇಟೆಯ ಹೆಸರಿನಲ್ಲಿ ನಿಂತಿರುವ ‘ನರಿಯಾ’ ನಿಜಕ್ಕೂ ಪ್ರತ್ಯೇಕ ವಂಶವೇ ಎಂಬುದನ್ನೂ ಜೊತೆಗೇ ಪರೀಕ್ಷಿಸಬಹುದು. ನಾಯಿಗಳ ಲಸಿಕೆಗೆ ಮಾದರಿ ಇದೇ ಕರಾವಳಿಯಲ್ಲಿದೆ: ಗೋವಾ ವರ್ಷಕ್ಕೆ ಸುಮಾರು ಒಂದು ಲಕ್ಷ ನಾಯಿಗಳಿಗೆ ಲಸಿಕೆ ಹಾಕಿ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಣೆಯಾಯಿತು. ಅದರ ಜೊತೆಗೆ ಡಿಸ್ಟೆಂಪರ್ ಲಸಿಕೆಯನ್ನೂ ಸೇರಿಸಿದರೆ ಮನುಷ್ಯರಿಗೂ ನರಿಗೂ ಒಟ್ಟಿಗೆ ಕ್ಷೇಮ.

ವರ್ಕಾಡಿ, ಮೀಂಜ, ಪೈವಳಿಕೆ ಪಂಚಾಯತುಗಳ ಜೀವವೈವಿಧ್ಯ ಸಮಿತಿಗಳಲ್ಲಿ, ಗಡಿಯಾಚೆಯ ನರಿಂಗಾನ, ಕನ್ಯಾನ, ಕರೋಪಾಡಿ ಪಂಚಾಯತುಗಳ ಸಮಿತಿಗಳಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಜೀವವೈವಿಧ್ಯ ದಾಖಲೆಯಲ್ಲಿ ನರಿಗೆ ಒಂದು ಪುಟ ಕೊಡಿ. ಯಾವ ಪದವಿನಲ್ಲಿ ಮಾಟೆಗಳಿವೆ, ಯಾವ ದಾರಿಯಲ್ಲಿ ನರಿ ಗಡಿ ದಾಟುತ್ತದೆ, ಎಲ್ಲಿ ಕೂಗು ನಿಂತುಹೋಗಿದೆ ಎಂಬುದನ್ನು ಊರ ಹಿರಿಯರನ್ನು ಕೇಳಿ ಬರೆದಿಡಿ. ಮುಂದಿನ ಕೋರೆಗೋ ಬೇಲಿಗೋ ಅನುಮತಿ ಕೊಡುವ ದಿನ ಆ ಪುಟವನ್ನು ತೆರೆದು ಮೇಜಿನ ಮೇಲೆ ಇಡಿ.